ಸೋಮವಾರದ ಅಳತೆ

ಪ್ರೀತಿಯ ತಮ್ಮನಿಗೆ,

ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ಕೆಟ್ಟ ಕನಸು. ಬಾವಿಗೆ ಬಿಟ್ಟ ಕೊಡ ಮೇಲೆ ಬಂದಾಗ ಅದರ ತುಂಬ ನಿಮ್ಮ ತಂಪು ಪಾನೀಯದ ಕಂಪನಿಯ ಬಾಟಲಿ ಮುಚ್ಚಳಗಳು.

ಬಾವಿಯ ನೀರು ಕೆಳಗಿಳಿದು ಕೊಡ ಮುಟ್ಟದೆ, ಈ ವರ್ಷ ಮೂರನೇ ಸಲ ಹಗ್ಗಕ್ಕೆ ಹಗ್ಗ ಗಂಟು ಹಾಕಿದೆ. ನಿಮ್ಮ ಆಫೀಸಿಗೆ ಹೋಗಿ ಕೇಳಿದರೆ ಮ್ಯಾನೇಜರು ನಿನ್ನ ಸಹಿ ಇದ್ದ ಕಾಗದ ತೋರಿಸಿದರು. "ನೋಡಮ್ಮ, ನಿನ್ ತಮ್ಮನೇ ಅಳೆದಿದಾನೆ. ಸುತ್ತಲಿನ ಬಾವಿ ಯಾವುದೂ ಒಂದಡಿ ಕೂಡ ಇಳಿದಿಲ್ಲ. ನಿನ್ ಹಗ್ಗಾನೇ ಕುಗ್ಗಿರಬೇಕು" ಅಂತ ನಕ್ಕು, ಕುಡಿಯಲು ಒಂದು ತಂಪು ಬಾಟಲಿ ಕೊಟ್ಟರು. ನೀರು ಕೇಳಲು ಹೋದವಳಿಗೆ! ಸಿಟ್ಟಿನಲ್ಲಿ ಅದನ್ನು ಗೇಟಿನ ಹತ್ತಿರವೇ ಇಟ್ಟು ಬಂದೆ. ಅದರಿಂದ ನಿನ್ನ ಕೆಲಸಕ್ಕೆ ಕುತ್ತು ಬರುತ್ತದೇನೋ ಅಂತ ಈಗ ಹೆದರಿಕೆ.

ನೀನು ಸುಳ್ಳು ಬರೆಯುವವನಲ್ಲ, ಗೊತ್ತು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ದಿನಾ ಬಾವಿ ಹತ್ತಿರ ನಿಲ್ಲುವವಳು. ನೀನು ಅಳೆಯಲು ಬರುವುದು ಸೋಮವಾರ ಬೆಳಿಗ್ಗೆ. ಭಾನುವಾರ ಫ್ಯಾಕ್ಟರಿಗೆ ರಜೆ, ನೆಲದ ನೀರು ಎಳೆಯುವ ಪಂಪು ನಿಂತಿರುತ್ತದೆ, ಬಾವಿಗೆ ನೀರು ಊರಿರುತ್ತದೆ. ಶನಿವಾರ ಬಂದು ನೋಡಿದ್ದೀಯಾ? ಬರೀ ಕೆಸರು ನೀರು. ಅದನ್ನೇ ಬಟ್ಟೆಯಲ್ಲಿ ಸೋಸಿ ಮಗುವಿಗೆ ಕಾಯಿಸಿ ಕೊಡುತ್ತಿದ್ದೇನೆ.

ನಿನ್ನ ಕಾಗದ ನೋಡಿಯೇ ಸರ್ಕಾರದವರು ಫ್ಯಾಕ್ಟರಿಯ ಇನ್ನೊಂದು ಪಂಪಿಗೆ ಒಪ್ಪಿಗೆ ಕೊಡುತ್ತಾರಂತೆ. ನಿನ್ನ ಕೆಲಸ ಹೋಗಬಾರದು, ನನ್ನ ಬಾವಿಯೂ ಬತ್ತಬಾರದು. ಏನು ಹೇಳಲಿ? ಮುಂದಿನ ಸಹಿಗೆ ಮೊದಲು ಒಂದೇ ಒಂದು ಸಲ, ಶನಿವಾರ ಸಂಜೆ, ಪಂಪು ಓಡುತ್ತಿರುವಾಗ ಬಂದು ಇನ್ನೊಮ್ಮೆ ಅಳೆದು ನೋಡು.

ನಿನ್ನ ಅಕ್ಕ