ಮೂರನೆಯ ಕರೆ

ಮಾವಿನಕುರ್ವೆ, ಹೊನ್ನಾವರ ತಾಲೂಕು
ಜುಲೈ ೩೦, ೨೦೨೫ (ನಾಗರ ಪಂಚಮಿಯ ಮಾರನೆಯ ದಿನ)

ಪ್ರೀತಿಯ ತಮಾ,

ಹೇಗಿದ್ದೀಯ? ಕೇಳಬಾರದು ಎಂದುಕೊಂಡೇ ಕೂತೆ, ಆದರೆ ಅದನ್ನು ಕೇಳದೆ ಕಾಗದ ಶುರುಮಾಡುವುದು ನನಗೆ ಬರುವುದಿಲ್ಲ. ಚಳಿ ಬಿದ್ದರೆ ನಿನ್ನ ಎಡಗಿವಿ ನೋಯುತ್ತಿತ್ತು. ಹತ್ತಿ ಇಟ್ಟುಕೋ ಎಂದರೆ ಮುದುಕರ ಹಾಗೆ ಕಾಣುತ್ತದೆ ಎಂದು ಕಿತ್ತೆಸೆಯುತ್ತಿದ್ದೆ. ಈಗ ಹೇಗಿದೆ ಕಿವಿ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಅವ್ವಿಯ ಮೊಣಕಾಲು ಮಳೆ ಹಿಡಿದ ಮೇಲೆ ಇನ್ನೂ ಬಿಗಿದಿದೆ, ಆದರೂ ದಿನಾ ದೋಣಿ ಬಂದು ನಿಲ್ಲುವ ದಕ್ಕೆಯ ತನಕ ಹೋಗಿ ಬರುವುದನ್ನು ಬಿಟ್ಟಿಲ್ಲ. ನಿನ್ನ ಹೆಂಡತಿ ಪವಿತ್ರಾ ಸೊರಗಿದ್ದಾಳೆ. ಧಾರೇಶ್ವರದಿಂದ ಅವಳ ಅಪ್ಪ ಕರೆಯಲು ಬಂದು ಹೋದರು, ಅವಳು ಹೋಗಲಿಲ್ಲ. ನಿನ್ನ ಹಳೆಯ ನಂಬರು ಬೇರೆ ಯಾರ ಪಾಲೂ ಆಗಬಾರದೆಂದು ಅದಕ್ಕೆ ತಪ್ಪದೆ ರೀಚಾರ್ಜ್ ಮಾಡಿಸುತ್ತಾಳೆ. ಆಗಾಗ ಆ ನಂಬರು ಒತ್ತಿ, ಸ್ವಿಚ್ ಆಫ್ ಆಗಿದೆ ಎನ್ನುವ ಹೆಂಗಸಿನ ದನಿಯನ್ನು ಕೊನೆಯವರೆಗೂ ಕೇಳಿ ಫೋನು ಕೆಳಗಿಡುತ್ತಾಳೆ. ನನಗಾದರೆ ಕುಮಟಾದ ಅಂಚೆ ಕಚೇರಿಯ ಕೌಂಟರು ಇದೆ, ಊರಿನವರೆಲ್ಲರ ಕಾಗದಕ್ಕೆ ಮುದ್ರೆ ಒತ್ತುತ್ತಾ ಹಗಲು ಕಳೆಯುತ್ತದೆ.

ಈಗ ಸುದ್ದಿ. ನಗಬೇಡ. ನಾನು ರಷ್ಯಾಕ್ಕೆ ಹೋಗಿ ಬಂದೆ. ಹೊನ್ನಾವರದಿಂದ ಹೊಳೆಯಾಚೆಯ ಕಾಸರಕೋಡಿಗೆ ದೋಣಿಯಲ್ಲಿ ದಾಟುವಾಗ ಕಣ್ಣು ಮುಚ್ಚಿ ಕೂರುತ್ತಿದ್ದ ನಿನ್ನ ಅಕ್ಕ, ನೀನು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಅದೇ ಬಿಳಿ ಹಡಗಿನಲ್ಲಿ ಮಾಸ್ಕೋದಿಂದ ಪೀಟರ್ಸ್‌ಬರ್ಗಿನವರೆಗೆ ನದಿ ಮೇಲೇ ಹೋದಳು. ಬೆಂಗಳೂರಿನ ಪ್ರವಾಸದವರಿಗೆ ನಿನ್ನ ಫೋಟೋದಲ್ಲಿ ಕಾಣುವ ಹಡಗಿನ ಹೆಸರನ್ನೇ ತೋರಿಸಿ, ಇದರಲ್ಲೇ ಹೋಗಬೇಕು ಎಂದೆ. ಪಾಪ, ಹರಕೆ ಹೊತ್ತಿದ್ದೀರಾ ಎಂದು ಕೇಳಿದರು. ಹೌದು ಎಂದೆ.

ಕಳಿಸಿದ್ದು ಅವ್ವಿ. ನೀನು ಕೊನೆಯ ಸಲ ಮಾತಾಡಿದ್ದು ಆಚೆ ವರ್ಷದ ನವೆಂಬರಿನಲ್ಲಿ. ಹೊಳೆ ಹೆಪ್ಪುಗಟ್ಟಿದೆ, ಹಡಗು ಕಟ್ಟಿಹಾಕಿದ್ದಾರೆ, ಬೇಸಿಗೆಯ ತನಕ ಇಲ್ಲಿ ಕೆಲಸ ಇಲ್ಲ, ಸೈನ್ಯದ ಕ್ಯಾಂಪಿನಲ್ಲಿ ಅಡುಗೆಯವರು ಬೇಕಂತೆ, ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ ಎಂದೆ. ಅವ್ವಿ ಫೋನು ಕಸಿದುಕೊಂಡು, "ಹೊಳೆ ಗಟ್ಟಿಯಾಗೂದು ಅಂದ್ರೆ ಎಂತದಾ? ಮೊಸ್ರಾ ಅದು?" ಎಂದು ಬೈದದ್ದು, ನೀನು ನಕ್ಕದ್ದು. ಅದೇ ಕೊನೆ. ಆಮೇಲೆ ಬರೆಯಬೇಕಾದ ಕಡೆಗೆಲ್ಲ ಬರೆದೆವು. ವಿಚಾರಿಸುತ್ತಿದ್ದೇವೆ ಎಂಬ ಉತ್ತರ ಬರುತ್ತಿತ್ತು, ಕಡೆಕಡೆಗೆ ಅದೂ ನಿಂತಿತು. ನಮ್ಮ ಕೇರಿಯ ಪದ್ಧತಿ ನಿನಗೆ ಗೊತ್ತು. ನೀರಿಗೆ ಹೋದವನು ತಿರುಗಿ ಬಾರದಿದ್ದರೆ, ಎರಡನೆಯ ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡುವ ಮುಂಚೆ ದರ್ಭೆಯ ಗೊಂಬೆ ಮಾಡಿ, ಅವನ ಅಂಗಿ ಉಡಿಸಿ, ಸುಟ್ಟು, ಪಿಂಡ ಇಡಬೇಕು. ನಾಗರಾಜ ಮಾವ ಈ ಮಾತು ತೆಗೆದದ್ದು ಚೈತ್ರದಲ್ಲಿ. ಅವ್ವಿ ಅಳಲಿಲ್ಲ, ಬೈಯಲೂ ಇಲ್ಲ. "ಕರ್ಯದೇ ಸುಡೂಕೆ ನಾ ಬಿಡೂದಿಲ್ಲ. ನೀರಲ್ಲಿ ಹೋದವ್ನ ನೀರಲ್ಲೇ ಹೋಗಿ ಕರೀಬೇಕು. ದಂಡೆ ಮೇಲೆ ನಿಂತ್ಕಂಡು ಕರದ್ರೆ ಅವಂಗೆ ಕೇಳ್ತದ್ಯಾ?" ಎಂದಳು.

ಅದೂ ಪದ್ಧತಿಯೇ. ಹೋದವನು ಯಾವ ನೀರಿನಲ್ಲಿ ಹೋದನೋ ಅದೇ ನೀರಿನಲ್ಲಿ ಮನೆಯವರೊಬ್ಬರು ಹೋಗಿ, ಹೊಳೆ ಮುಗಿಯುವಲ್ಲಿ ನಿಂತು ಅವನ ಹೆಸರನ್ನು ಮೂರು ಸಲ ಕೂಗಬೇಕು. ಓ ಎಂದರೆ ಸರಿ. ಮೂರಕ್ಕೂ ಓ ಅನ್ನದಿದ್ದರೆ, ಕ್ರಿಯೆ ಮುಗಿಯುವ ತನಕ ಮನೆಯಲ್ಲಿ ಯಾರೂ ಆ ಹೆಸರು ಎತ್ತಬಾರದು. ಅವ್ವಿ ಹುಡುಗಿಯಾಗಿದ್ದಾಗ ತನ್ನ ಅಣ್ಣ ವೆಂಕಟನನ್ನು ಶರಾವತಿಯ ಅಳಿವೆಯಲ್ಲಿ ಹೀಗೆಯೇ ಕರೆದು ಬಂದವಳು. ಜೀವ ಇರುವವನಿಗೆ ಕ್ರಿಯೆ ಮಾಡಿದರೆ ಅವನ ಆಯುಷ್ಯ ಹರಿದ ಹಾಗೆ. ಜೀವ ಹೋದವನಿಗೆ ಮಾಡದಿದ್ದರೆ ಅವನು ಹಸಿದುಕೊಂಡೇ ಅಲೆಯುತ್ತಾನೆ. ಅವ್ವಿಗೆ ಈ ಎರಡರ ನಡುವೆ ನಿದ್ರೆ ಇರಲಿಲ್ಲ. ಊರಿನವರಿಗೆಲ್ಲ ಬಡಿಸಿದ ಹುಡುಗ ಹಸಿದಿರಬಾರದು ಎನ್ನುವುದೊಂದೇ ಅವಳ ಮಾತು. ನನಗೆ ಇಂಥದರಲ್ಲೆಲ್ಲ ನಂಬಿಕೆ ಕಡಿಮೆ ಎಂದು ನಿನಗೆ ಗೊತ್ತು. ಆದರೂ ಟಿಕೆಟು ಮಾಡಿಸಿದೆ.

ಹೊರಡುವಾಗ ಅವ್ವಿ ಹೇಳಿದ್ದು ಒಂದೇ. "ಇಳ್ತ ನೋಡ್ಕಂಡು ಕರಿ. ಭರ್ತದಲ್ಲಿ ಕರದ್ರೆ ದನಿ ನಿನ್ ಬಾಯಿಗೇ ತಿರ್ಗಿ ಬರ್ತದೆ." ನೀರು ಇಳಿಯುವ ಹೊತ್ತು ನೋಡಿ ಕರೆಯಬೇಕೆಂಬ ಆ ಮಾತನ್ನೇ ಕಟ್ಟಿಕೊಂಡು ಹೋದವಳು ನಾನು. ಉಗ್ಲಿಚ್ ಎಂಬ ಊರಿನ ದಕ್ಕೆಯಲ್ಲಿ ಉಳಿದವರೆಲ್ಲ ಚರ್ಚು ನೋಡಲು ಇಳಿದಾಗ ನಾನು ಹಡಗಿನ ಕಟಕಟೆ ಹಿಡಿದು ದಕ್ಕೆಯ ಕಂಬದ ಮೇಲೆ ಕಣ್ಣಿಟ್ಟು ನಿಂತೆ. ನೀರು ಎಲ್ಲಿಗಿದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿಕೊಂಡರೆ ಮುಂದಿನ ಲೆಕ್ಕ ಹಾಕಬಹುದಲ್ಲ. ಬೆಳಿಗ್ಗೆಯಿಂದ ಸಂಜೆಯ ತನಕ ನೀರು ಒಂದು ಬೆರಳೂ ಇಳಿಯಲಿಲ್ಲ, ಏರಲಿಲ್ಲ. ಗೈಡ್ ಹುಡುಗಿಯನ್ನು ಕೇಳಿದರೆ ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಈ ಹೊಳೆಗೆ ಭರತ ಇಳಿತ ಇಲ್ಲ, ಕೊನೆಗೆ ನಾವು ಸೇರುವ ಸಮುದ್ರದಲ್ಲೂ ಹೇಳಿಕೊಳ್ಳುವಷ್ಟು ಇಲ್ಲವಂತೆ. ನಾನು ಅಲ್ಲಿಯೇ ಕುರ್ಚಿಯಲ್ಲಿ ಕೂತುಬಿಟ್ಟೆ. ಇಳಿಯದ ನೀರಿನಲ್ಲಿ ಯಾವ ಹೊತ್ತಿಗೆ ಕರೆಯುವುದು ತಮಾ? ಇಂಥ ಹೊಳೆಯಲ್ಲಿ ಎರಡು ಬೇಸಿಗೆ ಹೇಗೆ ಕಳೆದೆ ನೀನು?

ಹಡಗು ಚಂದವೇ ಇತ್ತು, ಸುಳ್ಳು ಹೇಳಬಾರದು. ಗೇಟು ಹಾಕಿದ ಕಟ್ಟೆಗಳೊಳಗೆ ಹಡಗು ನಿಲ್ಲಿಸಿ, ನೀರು ತುಂಬಿಸಿ, ಬಾವಿಯಿಂದ ಕೊಡ ಎತ್ತಿದ ಹಾಗೆ ಮೇಲೆತ್ತುತ್ತಾರೆ. ಗೇರುಸೊಪ್ಪದ ಡ್ಯಾಮು ನೋಡಿ ಬಾಯಿ ಬಿಟ್ಟಿದ್ದ ನೀನು ಇದನ್ನು ನೋಡಿ ಏನೆಂದಿದ್ದೆಯೋ. ಅಲ್ಲಿ ರಾತ್ರಿ ಆಗುವುದೇ ಇಲ್ಲ, ಜೂನಿನಲ್ಲಿ ಹೊತ್ತು ಮುಳುಗಿದ ಹಾಗೆ ಮಾಡಿ ಮತ್ತೆ ಬೆಳಕಾಗುತ್ತದೆ. ನನ್ನ ಕೋಣೆಯಲ್ಲಿ ಭಟ್ಕಳದ ಖತೀಜಾ ಎಂಬವರು ಜೊತೆಗಿದ್ದರು. ಸರೀ ವಯಸ್ಸಾದವರು, ಊರೂರು ತಿರುಗುವ ಹುಚ್ಚು. ಮೊದಲ ದಿನವೇ ನಾನು ಯಾರು, ಏಕೆ ಬಂದೆ ಎಂಬುದನ್ನೆಲ್ಲ ನನ್ನಿಂದ ಹೊರಡಿಸಿದರು. ಆಮೇಲೆ ಹಡಗಿನ ಕೆಲಸದವರಲ್ಲಿ ಒಬ್ಬರನ್ನೂ ಬಿಡದೆ ನಿನ್ನ ಫೋಟೋ ತೋರಿಸಿದ್ದು ಅವರೇ, ನಾನಲ್ಲ.

ಹಾಗೆ ಸಿಕ್ಕಿದವನು ರುಸ್ತಮ್. ನಿನ್ನ ಜೊತೆ ಅಡುಗೆಮನೆಯಲ್ಲಿದ್ದ ಉಜ್ಬೆಕ್ ಹುಡುಗ. ಫೋಟೋ ನೋಡಿ, ನನ್ನ ಮುಖ ನೋಡಿ, ಮೊದಲು ಆಡಿದ ಮಾತು "ಊಟ ಆತಾ?" ಅಷ್ಟೊಂದು ದೂರದ ಹೊಳೆಯ ನಡುವೆ, ಏಪ್ರನ್ ಕಟ್ಟಿದ ಕೆಂಪು ಗಲ್ಲದ ಹುಡುಗ ನಮ್ಮ ಮನೆಯ ಮಾತು ಆಡಿದ. ಇನ್ನೂ ಇಲ್ಲ ಎಂದೆ. ಕೆಲಸದವರ ಮೇಜಿನ ಮುಂದೆ ಕೂರಿಸಿ ಮೀನಿನ ಸಾರು ಇಟ್ಟ. ಒಂದು ಚಮಚ ಬಾಯಿಗಿಟ್ಟರೆ ಮುರುಗಲ ಹುಳಿ! ಅವ್ವಿ ಒಣಗಿಸಿ ಕಟ್ಟಿ ಕೊಟ್ಟಿದ್ದಳಲ್ಲ, ಅದೇ. ಬಾಟಲಿ ತೋರಿಸಿದ. ತಳದಲ್ಲಿ ಒಂದು ಮುಷ್ಟಿಯೂ ಇಲ್ಲ. ನೀನು ತಿರುಗಿ ಬರುವ ತನಕ ಮುಗಿಯಬಾರದೆಂದು ಹಬ್ಬ ಹುಣ್ಣಿಮೆಗೆ ಮಾತ್ರ ಒಂದೊಂದು ಸಿಪ್ಪೆ ಹಾಕುತ್ತಾನಂತೆ. ನನಗೆ ಆ ಸಾರು ಉಣ್ಣಲು ಆಗಲಿಲ್ಲ ತಮಾ. ತಟ್ಟೆ ಹಿಡಿದುಕೊಂಡು ಕೂತೆ, ಆರಿ ತಣ್ಣಗಾಯಿತು.

ಅವನು ನಿನ್ನಿಂದಲೇ ಕಲಿತ ಹರಕು ಮುರುಕು ಹಿಂದಿಯಲ್ಲಿ ಗೊತ್ತಿದ್ದಷ್ಟು ಹೇಳಿದ. ನಿನ್ನ ಜೊತೆ ಅದೇ ಕಾಗದಕ್ಕೆ ಸಹಿ ಹಾಕಿ ಹೋದ ಇನ್ನೊಬ್ಬ ಅಡುಗೆಯವನು ಈ ವಸಂತದಲ್ಲಿ ಒಂದು ಕಾಲಿಲ್ಲದೆ ಬಂದನಂತೆ. ಅಲ್ಲಿ ಅಡುಗೆ ಎಂಬುದು ಇರಲೇ ಇಲ್ಲವಂತೆ. ಕೈಗೆ ಬಂದೂಕು ಕೊಟ್ಟು ಲಾರಿ ಹತ್ತಿಸಿದರಂತೆ. ನಿನ್ನ ಲಾರಿ ಮುಂದೆ ಹೋಯಿತು, ಅವನದು ಹಿಂದೆ ಉಳಿಯಿತು. ಮುಂದೆ ಹೋದವರಲ್ಲಿ ಯಾರೂ ತಿರುಗಿ ಬರಲಿಲ್ಲ, ಹೆಣಗಳನ್ನೂ ತರಲಿಲ್ಲ. ಆ ಕಾಲಿಲ್ಲದವನು ಇದನ್ನು ಕಣ್ಣಾರೆ ಕಂಡನಾ ಎಂದು ಕೇಳಿದೆ. ರುಸ್ತಮ್ ನನ್ನ ತಟ್ಟೆ ತೆಗೆದುಕೊಂಡು ಹೋದ. ಅಲ್ಲಿಗೆ ನನಗೆ ತಿಳಿಯಬೇಕಾದ್ದು ತಿಳಿಯಿತು.

ಕೊನೆಯ ಬೆಳಿಗ್ಗೆ ಪೀಟರ್ಸ್‌ಬರ್ಗಿನಲ್ಲಿ, ಹೊಳೆ ಸಮುದ್ರ ಸೇರುವಲ್ಲಿಗೆ ಸಣ್ಣ ಬೋಟಿನಲ್ಲಿ ಕರೆದೊಯ್ದರು. ಮುಂದೆ ಬರೀ ಬೂದು ನೀರು. ಇಳಿತಕ್ಕೆ ಕಾಯುವ ಹಾಗಿರಲಿಲ್ಲ. ಎದ್ದು ನಿಂತು ನಿನ್ನ ಹೆಸರು ಕರೆದೆ. ಕೌಂಟರಿನಲ್ಲಿ ಮುಂದಿನವರು ಬನ್ನಿ ಎನ್ನುವಷ್ಟೂ ದನಿ ಏಳಲಿಲ್ಲ. ಎರಡನೆಯದಕ್ಕೆ ಎದೆ ತುಂಬಾ ಉಸಿರು ತೆಗೆದು ಕೂಗಿದೆ, ಬೋಟಿನವರೆಲ್ಲ ತಿರುಗಿ ನೋಡಿದರು. ಆಗ ಖತೀಜಾ ಎದ್ದು, "ಒಬ್ಳೇ ಎಂತಕೆ ಕರೀತೆ ಬೇಟಾ, ನಾನೂ ಕರಿತೆ" ಎಂದು ನನ್ನ ಕೈ ಹಿಡಿದರು. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಟೊಪ್ಪಿ ತೆಗೆದು ಎದ್ದು ನಿಂತರು, ಅವರ ಹೆಂಡತಿ ಎದ್ದರು, ಹಿಂದಿನ ಸಾಲಿನವರೆಲ್ಲ ಎದ್ದರು. ಮೂರನೆಯ ಸಲ ಅಷ್ಟೂ ಮುದುಕರ ದನಿ ಒಟ್ಟಾಗಿ ಎದ್ದಾಗ ಬೋಟಿನ ಚಾಲಕನೂ ಎಂಜಿನು ನಿಲ್ಲಿಸಿದ. ಆಮೇಲೆ ಎಲ್ಲರೂ ಸುಮ್ಮನೆ ಕಿವಿಗೊಟ್ಟು ನಿಂತೆವು. ನೀರು ಬೋಟಿಗೆ ಬಡಿಯುವ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಅಷ್ಟು ಜನ ಕರೆದರೂ ಓ ಅನ್ನಲಿಲ್ಲವಲ್ಲೋ.

ಮನೆ ಹೊಕ್ಕ ಕೂಡಲೇ ಅವ್ವಿ ಕಾಲಿಗೆ ನೀರು ಕೊಟ್ಟು ಕೇಳಿದಳು, "ಇಳ್ತದಲ್ಲೇ ಕರದ್ಯಾ?" ಹೌದು ಎಂದೆ. "ಮೂರೂ?" ಹೌದು ಎಂದೆ. "ಓ ಅಂದ್ನಾ?" ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆತು ಎಂದಷ್ಟೇ ಹೇಳಿ ಒಳಗೆ ಹೋದಳು. ಅಂದಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಇಲ್ಲ. ಪವಿತ್ರಾ ಕೂಡ ಅವರು ಎನ್ನುತ್ತಾಳೆ, ಹಾಗೆಂದು ಅರ್ಧಕ್ಕೇ ಮಾತು ನಿಲ್ಲಿಸುತ್ತಾಳೆ. ಈ ಕಾಗದದಲ್ಲೂ ನಾನು ಎಲ್ಲಿಯೂ ಬರೆದಿಲ್ಲ ನೋಡು. ನಿನ್ನೆ ಪಂಚಮಿಯ ಹಾಲು ಎರೆದು ಬಂದ ಮೇಲೆ ಅವ್ವಿ ಕಪಾಟು ತೆಗೆದು ನಿನ್ನ ನೀಲಿ ಗೆರೆಯ ಅಂಗಿ ಹುಡುಕಿ, ಬಿಚ್ಚಿಹೋಗಿದ್ದ ಒಂದು ಗುಂಡಿ ಹೊಲಿದು, ಮಡಚಿ ನಾಗರಾಜ ಮಾವನ ಕೈಗೆ ಕೊಟ್ಟಳು. ಮುಂದಿನ ಬುಧವಾರ ಗೊಂಬೆ ಸುಡುತ್ತಾರೆ. ಶನಿವಾರ ಹುಣ್ಣಿಮೆ, ಮಾವನ ದೋಣಿಯೂ ನೀರಿಗಿಳಿಯಬೇಕಲ್ಲ. ಪಿಂಡದ ಜೊತೆ ಎಲೆಗೆ ಏನು ಬಡಿಸಲಿ ಎಂದು ಅವ್ವಿ ನನ್ನನ್ನು ಕೇಳಿದಳು. ಕೆಸುವಿನ ಪತ್ರೊಡೆ ಎಂದೆ. ಸರಿಯಾಯಿತಲ್ಲ?

ಇದನ್ನು ರುಸ್ತಮನ ಹಡಗಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಜೊತೆಗೆ ಸ್ವಲ್ಪ ಒಣ ಮುರುಗಲು ಇದೆ, ಅವನ ಬಾಟಲಿ ತುಂಬಲಿ. ಕಾಗದವನ್ನು ಆ ಬಾಟಲಿಯ ಪಕ್ಕದಲ್ಲೇ ಇಟ್ಟಿರು, ಒಡೆಯಬೇಡ ಎಂದು ಅವನಿಗೆ ಫೋನಿನಲ್ಲಿ ಹೇಳಿದ್ದೇನೆ. ಒಡೆದರೂ ಕನ್ನಡ ಓದಲು ಅವನಿಗೆ ಬರುವುದಿಲ್ಲ.

ಅವ್ವಿಯ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಪವಿತ್ರಾಳದು ಏನು ಬರೆಯಲಿ ಎಂದು ಕೇಳಿದೆ, ಅವಳು ಎದ್ದು ಹೋದಳು. ಅದನ್ನೇ ಅವಳ ಮಾತೆಂದು ತಿಳಿ. ಎಲ್ಲಿದ್ದರೂ ಕಿವಿಗೆ ಹತ್ತಿ ಇಟ್ಟುಕೋ.

ನಿನ್ನ ಅಕ್ಕ,
ಜಯಂತಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೂರನೆಯದನ್ನು ನಾನು ಕರೆಯಲಿಲ್ಲ ತಮಾ. ಬಾಯಿ ತೆರೆದದ್ದು ನಿಜ, ದನಿ ಹೊರಡಲಿಲ್ಲ. ಉಳಿದವರ ಕೂಗಿನಲ್ಲಿ ಯಾರಿಗೂ ತಿಳಿಯಲಿಲ್ಲ, ಖತೀಜಾರಿಗೆ ಕೂಡ. ಅವರೆಲ್ಲ ಕರೆದದ್ದು ಲೆಕ್ಕಕ್ಕಿಲ್ಲ, ಮನೆಯವರೇ ಕರೆಯಬೇಕು. ಅವ್ವಿಗೆ ಮೂರೂ ಎಂದು ಸುಳ್ಳು ಹೇಳಿದೆ. ನೀನು ಹಸಿದಿದ್ದೀಯ ಎಂದು ಅವಳು ಒಲೆ ಮುಂದೆ ಕೂರುವುದನ್ನು ನೋಡಲು ಇನ್ನು ನನ್ನಿಂದ ಆಗುವುದಿಲ್ಲ. ಬುಧವಾರದ ಒಳಗೆ ಇದು ನಿನ್ನನ್ನು ಮುಟ್ಟುವುದಿಲ್ಲ, ಅಂಚೆಯವಳಾಗಿ ನನಗೆ ಅದು ಗೊತ್ತು. ಆದರೆ ಬಾಕಿ ಉಳಿದ ಕರೆಯನ್ನು ಇದರೊಳಗೆ ಬರೆದು ಮುಚ್ಚುತ್ತಿದ್ದೇನೆ. ಈ ಲಕೋಟೆ ಒಡೆಯುವ ತನಕ ಅದು ಕರೆದ ಹಾಗಲ್ಲ. ನೀನೇ ಒಡೆಯಬೇಕು. ಒಡೆದವನು ಎಲ್ಲಿ ನಿಂತಿದ್ದೀಯೋ ಅಲ್ಲೇ ಒಂದು ಸಲ ಓ ಅನ್ನು, ನನಗೆ ಕೇಳದಿದ್ದರೂ ಅಡ್ಡಿಯಿಲ್ಲ.

ದೇವೂ.