ರವಿವಾರದ ಪಂದ್ಯ ಮತ್ತು ಅವರ ಹೆಸರು

ಸಿಂದಗಿ
11 ಜುಲೈ 2007

ಪ್ರೀತಿಯ ಸುನಂದಕ್ಕನಿಗೆ ನಿನ್ನ ದಾನಿಯ ಶರಣು.

ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಬೈದು ಮುಗಿಸು, ಆಮೇಲೆ ಓದು. ಫೋನ್ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದೀ. ಫೋನ್ ಇರುವುದು ಪಡಸಾಲೆಯಲ್ಲಿ, ಅತ್ತೆಯ ಮಂಚದ ತಲೆದೆಸೆಗೆ. ನಾನು ಹಲೋ ಅನ್ನುವುದರೊಳಗೆ ಅವರು ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಪುರಾಣ ಕೇಳುವವರ ಹಾಗೆ ಕೂತಿರುತ್ತಾರೆ. ಪತ್ರವಾದರೆ ಅಡಿಗೆಮನೆಯಲ್ಲಿ ಬರೆಯಬಹುದು. ಅತ್ತೆಗೆ ಓದು ಬರುವುದಿಲ್ಲ, ದೇವರು ಅಷ್ಟಾದರೂ ಉಪಕಾರ ಮಾಡಿದ್ದಾನೆ.

ಮಕ್ಕಳು ಹೇಗಿವೆ? ಸಣ್ಣವಳ ಕೆಮ್ಮು ಹೋಯಿತೇ? ನಿಮ್ಮ ತಾಂಬಾದ ಕಡೆ ಮಳೆ ಹಿಡಿದಿದೆ ಎಂದು ಬಸ್ಸಿನವರು ಹೇಳುತ್ತಿದ್ದರು. ಇಲ್ಲಿ ಬರೀ ಗಾಳಿ, ಕರೆಂಟ್ ತೆಗೆಯಲು ಅಷ್ಟು ನೆವ ಸಾಕು.

"ಮದುವೆಯಾದ ಹೆಂಗಸು ಬಂದೂಕಿನ ಆಟ ಆಡ್ತಾಳಂತ ಬಾಯಿಂದ ಬಾಯಿಗೆ ಸುದ್ದಿ ಬಂದೈತಿ, ಖರೇ ಏನ?" ಎಂದು ಬರೆದಿದ್ದೆಯಲ್ಲ, ಖರೆ. ನಮ್ಮ ಮನೆಯ ಮುಂದಿನ ಖೋಲಿಯಲ್ಲೇ ಸೈಬರ್ ಸೆಂಟರ್ ಇರುವುದು ನಿನಗೆ ಗೊತ್ತು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಅಲ್ಲಿ ಅರ್ಜಿ ತುಂಬುವವರಿಗಿಂತ ಆಟ ಆಡುವವರೇ ಹೆಚ್ಚು. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಒಂದು ಕಡೆಯವರು ಬಾಂಬ್ ಇಡಬೇಕು, ಇನ್ನೊಂದು ಕಡೆಯವರು ಅದು ಸಿಡಿಯುವ ಮೊದಲು ಆರಿಸಬೇಕು. ಸತ್ತವರು ಆ ಸುತ್ತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ನೋಡಬೇಕು. ಅಷ್ಟೇ ಆಟ. ರವಿವಾರ ಮಧ್ಯಾಹ್ನ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಬಿಜಾಪುರದ ಸೆಂಟರುಗಳ ತಂಡಗಳು ಒಬ್ಬರ ಮೇಲೊಬ್ಬರು ಬೀಳುತ್ತವೆ. ಗೆದ್ದರೆ ರ್‍ಯಾಂಕ್ ಮೇಲೆ, ಸೋತರೆ ಕೆಳಗೆ. ನಮ್ಮ ತಂಡದಲ್ಲಿ ಇವರು, ಎದುರಿನ ಅಂಗಡಿಯ ಟೇಲರ್ ಬಂದೇನವಾಜ, ಡಿಗ್ರಿ ಓದುವ ಸಿದ್ರಾಮ, ಕಲ್ಮೇಶ. ಐದನೆಯವನು ಊರು ಬಿಟ್ಟಾಗ ಒಂದು ರವಿವಾರದ ಮಟ್ಟಿಗೆ ಎಂದು ಕೂತವಳು ನಾನು, ಇನ್ನೂ ಎದ್ದಿಲ್ಲ. ಹಗಲು ಇವರಿಲ್ಲದಾಗ ಸೆಂಟರ್ ನೋಡಿಕೊಳ್ಳುವವಳು ನಾನೇ, ಆಟ ಆಗಲೇ ಅಷ್ಟಿಷ್ಟು ಕೈಗೆ ಹತ್ತಿತ್ತು. ಹೊರಗಿನವರಿಗೆ ಕಾಣಬಾರದೆಂದು ನನ್ನ ಕಂಪ್ಯೂಟರನ್ನು ಹಲಗೆಯ ಮರೆಗೆ ಇಟ್ಟಿದ್ದಾರೆ. ಐದನೆಯವನು ಹೆಂಗಸು ಎಂದು ಬೇರೆ ಊರಿನ ತಂಡದವರಿಗೆ ಇನ್ನೂ ಗೊತ್ತಿಲ್ಲ.

ನಗಬೇಡ ಅಕ್ಕಾ. ಈ ಕುರ್ಚಿ ನನಗೆ ಯಾಕೆ ಬೇಕು ಎನ್ನುವುದನ್ನು ನಿನಗೊಬ್ಬಳಿಗೆ ಹೇಳುತ್ತೇನೆ. ಹೋದ ವರ್ಷ ಮಗು ಕೈಗೆ ಬಾರದೆ ಹೋಯಿತಲ್ಲ, ಅಂದಿನಿಂದ ಇವರು ಮನೆಯಲ್ಲಿ ನನ್ನ ಜೊತೆ ಮಾತಾಡಿಲ್ಲ. ನೀರು ಬೇಕಾದರೆ "ಅವ್ವಾ, ನೀರ ಕೊಡಾಕ ಹೇಳು" ಎನ್ನುತ್ತಾರೆ, ನಾನು ಎದುರಿಗೇ ನಿಂತಿರುತ್ತೇನೆ. ಆದರೆ ಆಟದಲ್ಲಿ ಮಾತಾಡದೆ ನಡೆಯುವುದಿಲ್ಲ. "ದಾನಿ, ಎಡಕ್ಕ ಬಾ. ಹೆದರಬ್ಯಾಡ, ನಿನ್ನ ಹಿಂದ ನಾ ಅದೇನಿ" ಎಂದು ಮೊದಲ ರವಿವಾರ ಹಲಗೆಯ ಆಚೆಯಿಂದ ಕೂಗಿದರು. ನಾನು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಅಲ್ಲೇ ನಿಂತು ಗುಂಡು ತಿಂದೆ.

ಈಗ ಕೇಳು. ನಾವು ಒಂಬತ್ತನೆಯ ನಂಬರಿಗೆ ಇಳಿದಿದ್ದೇವೆ, ಇಳಿಸಿದವಳು ನಾನೇ. ನಿನ್ನೆ ಇವರು ಬಂದೇನವಾಜನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಪಂಚಮಿ ಮುಗಿಯೂದ್ರೊಳಗ ನಾಲ್ಕನೇ ನಂಬರಿಗೆ ಬರಬೇಕು. ಬರಲಿಲ್ಲಂದ್ರ ಇಂಡಿಯಿಂದ ಪ್ರೇಮಕುಮಾರನ್ನ ಕರಸ್ತೇನಿ. ಹೆಣಮಕ್ಕಳನ್ನ ಕೂಡಿಸಿ ಎಷ್ಟ ದಿನಾ ನಗಸಾಟಿಕಿ?" ಆಟದಲ್ಲಿ ಪಳಗಿದ ಆ ಪ್ರೇಮಕುಮಾರ ಬಂದರೆ ನಾನು ಮತ್ತೆ ಅಡಿಗೆಮನೆಗೆ. ಆಮೇಲೆ ಈ ಮನೆಯಲ್ಲಿ ನನ್ನನ್ನು ದಾನಿ ಎನ್ನುವವರು ಯಾರೂ ಇರುವುದಿಲ್ಲ. ನನಗೆ ಆಟ ಬರಲೇಬೇಕು ಅಕ್ಕಾ. ಹೇಗೆ ಎಂದು ತಿಳಿಯುತ್ತಿಲ್ಲ.

ಮಾವನವರಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು.

ನಿನ್ನ
ದಾನೇಶ್ವರಿ


ಸಿಂದಗಿ
2 ಆಗಸ್ಟ್ 2007

ಅಕ್ಕಾ, ಶರಣು.

ಈ ಸಲವೂ ತಡ. ಆದರೆ ಸುದ್ದಿ ಒಳ್ಳೆಯದು, ಅದಕ್ಕೇ ಧೈರ್ಯದಿಂದ ಬರೆಯುತ್ತಿದ್ದೇನೆ. ನಾವು ಐದನೆಯ ನಂಬರಿಗೆ ಏರಿದ್ದೇವೆ!

ಅತ್ತೆ ಊಟ ಮಾಡಿ ಮಲಗಿದ ಮೇಲೆ ದಿನಾ ಕೂತು ಕಲಿತೆ. ಕರೆಂಟ್ ಇದ್ದರೆ ಕಂಪ್ಯೂಟರಿನ ಮುಂದೆ, ಹೋದರೆ ಕಣ್ಣು ಮುಚ್ಚಿಕೊಂಡು ಆ ಓಣಿ, ಆ ಬಾಗಿಲು, ಆ ಮೆಟ್ಟಿಲು ಎಲ್ಲ ನೆನೆಸಿಕೊಳ್ಳುತ್ತ. ನನ್ನಲ್ಲಿ ದೊಡ್ಡ ಖೋಡಿಗಳು ಎರಡು. ಓಡುತ್ತ ಗುಂಡು ಹೊಡೆಯುತ್ತಿದ್ದೆ, ಒಂದೂ ತಾಗುತ್ತಿರಲಿಲ್ಲ. ಬಂದೇನವಾಜ ನೋಡಿ ನೋಡಿ ಸಾಕಾಗಿ, "ವೈನಿಯಾರ, ಓಡಿಕೋತ ಸೂಜ್ಯಾಗ ದಾರ ಹಾಕ್ತೀರೇನ್ರಿ? ನಿಲ್ರಿ, ಆಮ್ಯಾಲ ಹೊಡೀರಿ" ಅಂದ. ನಿಂತೆ, ತಾಗಿತು. ಎದುರಾಳಿಯ ಕಾಲು ನೋಡುವ ಬದಲು ತಲೆ ಎಲ್ಲಿ ಬರುತ್ತದೋ ಅಲ್ಲಿ ಮೊದಲೇ ಗುರಿ ಇಟ್ಟುಕೊಳ್ಳುವುದನ್ನು, ಬಂದೂಕು ಮೇಲಕ್ಕೆ ಹಾರಿದ ಹಾಗೆ ಮೌಸನ್ನು ಮೆಲ್ಲಗೆ ಕೆಳಗೆ ಎಳೆಯುವುದನ್ನು ಕಲಿತೆ. ಹೆಡ್‌ಫೋನಿನಲ್ಲಿ ಹೆಜ್ಜೆಯ ಸದ್ದು ಹಿಡಿಯಲು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಅತ್ತೆ ಎಲ್ಲಿ ನಡೆಯುತ್ತಿದ್ದಾರೆ ಎಂದು ಗೋಡೆಯ ಈಚೆಯಿಂದಲೇ ಹೇಳುವ ಸೊಸೆಗೆ ಅದು ಯಾವ ಲೆಕ್ಕ!

ಎರಡನೆಯ ಖೋಡಿ ಮಾತ್ರ ಹೋಗುತ್ತಿಲ್ಲ. ನಾಲ್ಕು ಗುಂಡು ಹಾರಿಸಿದರೆ ಸಾಕು, ಕೈ ತಾನಾಗಿ ಮತ್ತೆ ಗುಂಡು ತುಂಬಲು ಹೋಗುತ್ತದೆ. ಕೊಡ ತುಸು ತಗ್ಗಿದರೂ ನಳದ ಕಡೆ ಓಡುವ ಚಟ ನಮ್ಮದು. ತುಂಬುವಾಗ ಹೊಡೆಯಲು ಬರುವುದಿಲ್ಲ. ಅಷ್ಟರಲ್ಲಿ ಎದುರಿನವನು ಕೆಲಸ ಮುಗಿಸಿರುತ್ತಾನೆ.

ಆದರೆ ಇದಾವುದೂ ದೊಡ್ಡದಲ್ಲ. ದೊಡ್ಡ ಸಂಕಟ ಬೇರೆಯೇ ಇದೆ. ಕೇಳಿದರೆ ನೀನು ಬಿದ್ದು ಬಿದ್ದು ನಗುತ್ತೀ. ಆಟದಲ್ಲಿ ಹೆಸರು ಹಿಡಿದು ಕೂಗಬೇಕು. "ಸಿದ್ರಾಮ, ಮ್ಯಾಲ!" "ಕಲ್ಮೇಶ, ಬಾಗಲಾ!" ಎಂದರೆ ಆಯಾ ಮನುಷ್ಯ ತಿರುಗುತ್ತಾನೆ. ಇವರ ಹೆಸರನ್ನು ನಾನು ಹೇಗೆ ಕೂಗಲಿ? ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದು ಬಿಟ್ಟರೆ ಅದು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆ ಎಂದು ನಮ್ಮವ್ವ ನಮಗಿಬ್ಬರಿಗೂ ಹಾಲಿನ ಜೊತೆ ಕುಡಿಸಿದ್ದಾಳೆ. ಹಾಗಾಗಿ ನಾನು "ನೋಡ್ರಿ, ಹಿಂದ ನೋಡ್ರಿ!" ಎನ್ನುತ್ತೇನೆ. ಗಂಡಸರಿಗೆಲ್ಲ ನಾನು ರೀ ಹಚ್ಚಿಯೇ ಮಾತಾಡುವುದರಿಂದ ನಾಲ್ವರೂ ಒಟ್ಟಿಗೆ ಹಿಂದೆ ತಿರುಗುತ್ತಾರೆ, ಮುಂದಿನಿಂದ ಬಂದವನು ನಾಲ್ವರನ್ನೂ ಸಾಲಾಗಿ ಹೊಡೆಯುತ್ತಾನೆ. ಮುದ್ದೇಬಿಹಾಳದವರ ಕೈಲಿ ಹೀಗೇ ಸೋತೆವು. ಗುಂಡು ಹಾರುವ ನಡುವೆ ನಿಂತು,

"ಬಿಳಿಜ್ವಾಳದ ರೊಟ್ಟಿ, ಎಣ್ಣಿ ಬದನಿಕಾಯಿ,
ಚೇತನಕುಮಾರರ ಹೆಸರ ಹೇಳ್ತೇನಿ, ಕೇಳ್ರಿ ನನ್ನ ತಾಯಿ"

ಎಂದು ಒಡಪು ಹಾಕಲೇ? ಒಡಪು ಮುಗಿಯುವುದರೊಳಗೆ ಅವರ ಹೆಣ ಬಿದ್ದಿರುತ್ತದೆ.

ಬಂದೇನವಾಜನೇ ದಾರಿ ಹುಡುಕಿದ. "ವೈನಿಯಾರ, ನಂಬರ ಹಿಡಿರಿ. ಚೇತನಣ್ಣ ಒಂದು, ನಾ ಎರಡು." ಎರಡು ರವಿವಾರ ನಡೆಯಿತು, ಗೆದ್ದೆವು. ಆದರೆ ಅವಸರದಲ್ಲಿ ನಂಬರು ಯಾರಿಗೂ ನೆನಪಿರುವುದಿಲ್ಲ. "ಒಂದು" ಎಂದರೆ ತಾವೇ ಎಂದು ಇವರಿಗೆ ಹೊಳೆಯುವಷ್ಟರಲ್ಲಿ ಇವರು ಸತ್ತಿರುತ್ತಾರೆ. ಮೇಲಾಗಿ ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, "ಗಂಡಗ ಒಂದು ಎರಡು ಅಂತ ಎಣಿಸಾಕ ಅಂವೇನ ಸಂತಿ ಎತ್ತ ಏನ?" ಎಂದು ಹಾರಾಡಿದರು. ಅಂದಿನಿಂದ ಮತ್ತೆ "ನೋಡ್ರಿ"ಯೇ ಗತಿ.

ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣನನ್ನು ಕಳಿಸುತ್ತೇನೆ ಎಂದು ಬರೆದಿದ್ದೀ. ಕಳಿಸಬೇಡ. ಪಂಚಮಿಯ ಮಾರನೆಯ ದಿನವೇ ಬಾಗೇವಾಡಿಯವರ ಜೊತೆ ಪಂದ್ಯ. ಅವರು ನಾಲ್ಕನೆಯವರು, ಗೆದ್ದರೆ ಆ ಜಾಗ ನಮ್ಮದು. ತವರಿನ ಉಂಡಿ, ಜೋಕಾಲಿ ಬಿಟ್ಟು ಕೂರುವ ಹೆಣ್ಣುಮಗಳನ್ನು ಜನ ಏನಾದರೂ ಅನ್ನಲಿ. ಮೊನ್ನೆ ರವಿವಾರ ಇವರು ಆಟದಲ್ಲಿ ನನಗೆ "ಭಾರಿ ಹೊಡದಿ ದಾನಿ" ಅಂದರು. ಪಂದ್ಯ ಮುಗಿದು ಊಟಕ್ಕೆ ಕೂತಾಗ ನನ್ನ ಮುಖ ನೋಡಲಿಲ್ಲ. ಒಂದೇ ಮನುಷ್ಯ, ಹಲಗೆಯ ಆಚೆ ಒಂದು ಥರ, ತಾಟಿನ ಮುಂದೆ ಒಂದು ಥರ. ಹೀಗೆ ಎಷ್ಟು ದಿನ ಬದುಕಲಿ?

ಆದರೂ ಆ ಒಂದು ತಾಸು ನನಗೆ ಬೇಕು. ನನಗಾಗಿ ಒಂದು ದೀಪ ಹಚ್ಚು. ಯಾವುದಕ್ಕೆ ಎಂದು ದೇವರಿಗೆ ಹೇಳಬೇಡ, ಅವನೂ ನಕ್ಕಾನು.

ನಿನ್ನ
ದಾನಿ


ಸಿಂದಗಿ
20 ಆಗಸ್ಟ್ 2007, ಸೋಮವಾರ

ಅಕ್ಕಾ,

ಈ ಸಲ ತಡ ಮಾಡಿಲ್ಲ. ನಿನ್ನೆಯದನ್ನು ಇವತ್ತೇ ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ನೀನು ಕಳಿಸಿದ ಶೇಂಗಾ ಉಂಡಿ, ಅಳ್ಳಿಟ್ಟು ಮುಟ್ಟಿದವು. ತಿಂದಿಲ್ಲ.

ಸೋತೆವು.

ಅರ್ಧಕ್ಕಿಂತ ಹೆಚ್ಚು ಆಟ ನಾವೇ ಮುಂದಿದ್ದೆವು. ಬಂದೇನವಾಜ ಅಂಗಡಿ ಮುಚ್ಚಿ ಬಂದಿದ್ದ, ಕಲ್ಮೇಶ ಹಣೆಗೆ ವಿಭೂತಿ ಬಳಿದುಕೊಂಡು ಕೂತಿದ್ದ. ನನ್ನ ಕೈ ಎಂದೂ ಹಾಗೆ ನಡೆದಿರಲಿಲ್ಲ. ನಿಂತು ಹೊಡೆದೆ, ತಲೆಗೆ ಹೊಡೆದೆ. ಇವರು "ನಡಿ ದಾನಿ, ನಡಿ" ಎನ್ನುತ್ತಿದ್ದರು. ಆಮೇಲೆ ಬಾಗೇವಾಡಿಯವರು ಸರಿಸಮ ಬಂದರು, ಉಳಿದದ್ದು ಕೊನೆಯ ಒಂದು ಸುತ್ತು. ಅದನ್ನು ಗೆದ್ದವರಿಗೆ ನಾಲ್ಕನೆಯ ನಂಬರು.

ಬಾಗೇವಾಡಿಯವರು ಬಾಂಬ್ ಇಟ್ಟಿದ್ದರು. ಸಿದ್ರಾಮ, ಕಲ್ಮೇಶ ಸತ್ತಿದ್ದರು. ನಾವು ಮೂವರು, ಅವರಲ್ಲಿ ಒಬ್ಬನೇ. ಇವರು ಬಾಂಬ್ ಆರಿಸಲು ಮಂಡಿಯೂರಿ ಕೂತರು, ಬಂದೇನವಾಜ ಬಾಗಿಲು ಕಾಯುತ್ತಿದ್ದ, ನಾನು ದೂರದ ಮೆಟ್ಟಿಲ ಮೇಲೆ. ಹೆಜ್ಜೆಯ ಸದ್ದು ಕೇಳಿತು. ಆ ಒಬ್ಬ ಇವರ ಬೆನ್ನ ಹಿಂದಿನ ಡಬ್ಬಿಗಳ ಸಂದಿಯಿಂದ ಹೊರಗೆ ಬಂದ. ನನಗೆ ಮಾತ್ರ ಕಾಣುತ್ತಿದ್ದ. ಹೊಡೆಯಲು ಹೋದರೆ ನನ್ನ ಈ ಸುಡುಗಾಡು ಕೈ ಆಗಲೇ ಗುಂಡು ತುಂಬಲು ಹೋಗಿತ್ತು.

"ನೋಡ್ರಿ! ಹಿಂದ ನೋಡ್ರಿ!" ಎಂದು ಕೂಗಿದೆ. ಬಂದೇನವಾಜ ಹಿಂದೆ ತಿರುಗಿ ಓಣಿಯ ಕಡೆ ನೋಡಿದ. ಇವರು ಅವನಿಗೆ ಹೇಳಿದ್ದು ಎಂದುಕೊಂಡು ಕೂತಲ್ಲೇ ಕೂತರು. ಇನ್ನೊಮ್ಮೆ ಕೂಗಿದೆ. ಮತ್ತೆ ಹಾಗೇ. ಆ ಮನುಷ್ಯ ಇವರ ಬೆನ್ನಿಗೆ ಬಂದೂಕು ಹಿಡಿದ. ಆಟ ಎನ್ನುವುದು ನನಗೆ ಮರೆತೇ ಹೋಯಿತು.

"ಚೇತನಾ!" ಎಂದು ಕೂಗಿದೆ.

ಕುಮಾರ ಇಲ್ಲ, ರೀ ಇಲ್ಲ, ಒಡಪಿಲ್ಲ. ಬೀದಿಗೆ ಕೇಳುವ ಹಾಗೆ.

ಇವರು ಆಟದಲ್ಲಿ ತಿರುಗಲಿಲ್ಲ ಅಕ್ಕಾ. ಮೌಸ್ ಬಿಟ್ಟು ಕುರ್ಚಿ ಕೆಡವಿ ಎದ್ದು ಹಲಗೆಯ ಈಚೆಗೆ ಬಂದರು. ಮುಖ ಬೂದಿಯಾಗಿತ್ತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಏನಾತು ದಾನಿ? ಏನಾತು ನಿನಗ?" ಎಂದರು. ಒಂದು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮಾತು. ಪರದೆಯ ಕಡೆ ಬೆರಳು ತೋರಿಸಿದೆ. ಅಲ್ಲಿ ಅವರು ಸತ್ತು ಬಿದ್ದಿದ್ದರು. ಬಾಂಬ್ ಸಿಡಿಯಿತು. ಕಲ್ಮೇಶ ತಲೆ ಹಿಡಿದುಕೊಂಡು "ಹೋತು, ಹೋತು" ಎನ್ನುತ್ತಿದ್ದ.

ಅತ್ತೆ ಅಡಿಗೆಮನೆಯಿಂದ ಓಡಿಬಂದರು. "ನಾಕ ಮಂದ್ಯಾಗ ಗಂಡನ ಹೆಸರ ಹಿಡದ ಒದರ್ತಿ? ಒಂದ ಹೆಣಾ ಸಾಲಲಿಲ್ಲೇನ ನಿನಗ?" ಎಂದರು. ಬಂದೇನವಾಜ "ಬಿಡ್ರಿ ಅಮ್ಮಾ, ಆಟದಾಗ ಬಾಯಾಗ ಬಂದಬಿಡ್ತೈತಿ" ಎಂದು ಅಡ್ಡ ಬಂದ. ಇವರು ನನ್ನನ್ನು ಇನ್ನೊಂದು ಗಳಿಗೆ ನೋಡಿದರು, ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ರಾತ್ರಿ ಬಂದು ಮಲಗಿದರು. ಇವತ್ತು ಬೆಳಿಗ್ಗೆ "ಅವ್ವಾ, ಪ್ರೇಮಕುಮಾರ ಬರೂ ರವಿವಾರದಿಂದ ಬರ್ತಾನ. ಊಟಕ್ಕ ಒಬ್ಬಾಂವ ಹೆಚ್ಚ ಅಂತ ಹೇಳು" ಎಂದರು. ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ.

ಬರುವ ರವಿವಾರ ಆ ಕುರ್ಚಿಯಲ್ಲಿ ಅವನು ಕೂರುತ್ತಾನೆ. ಎಡಕ್ಕೆ ಬಾ, ಹಿಂದೆ ನಾ ಅದೇನಿ ಎಂದು ಅವನಿಗೆ ಹೇಳುತ್ತಾರೆ. ನಾನು ಒಲೆಯ ಮುಂದೆ ಕೂತು ಕೇಳಬೇಕು. ಇನ್ನು ಏನು ಕಲಿಯಲಿ, ಯಾವುದರಲ್ಲಿ ಸುಧಾರಿಸಲಿ, ನೀನೇ ಹೇಳು.

ನಿನ್ನ ಮಕ್ಕಳು ನೂರು ವರ್ಷ ಬಾಳಲಿ, ನಿನ್ನ ಕುಂಕುಮ ಗಟ್ಟಿಯಿರಲಿ. ಹಿರಿಯಳು ನೀನು, ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ
ದಾನೇಶ್ವರಿ

ತಾ.ಕ.: ಅಕ್ಕಾ, ಒಡಪು ಬಿಟ್ಟರೆ ಅವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ ಎಂದು ಬರೆದಿದ್ದೆ. ಒಮ್ಮೆ ಬಂದಿತ್ತು. ಹೋದ ವರ್ಷ ಬಿಜಾಪುರದ ದವಾಖಾನೆಯಲ್ಲಿ, ಮಗು ಅಡ್ಡ ಸಿಕ್ಕು ನಾನೂ ಉಳಿಯುವುದಿಲ್ಲ ಎನಿಸಿದಾಗ ಹೀಗೇ ಕೂಗಿದ್ದೆ, ಚೇತನಾ ಎಂದು. ಬಾಗಿಲಿಗೆ ಬಟ್ಟೆ ಇಳಿಬಿಟ್ಟಿದ್ದರು. ಅದರ ಕೆಳಗೆ ಅವರ ಕಾಲು ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ. ತಲೆದೆಸೆಗೆ ನಿಂತಿದ್ದ ಅತ್ತೆ, ಹೆಸರು ಹಿಡಿದದ್ದಕ್ಕೇ ಮಗು ಹೋಯಿತು ಎಂದು ಇವತ್ತಿಗೂ ಅನ್ನುತ್ತಾರೆ. ಅನ್ನಲಿ. ನೋವಿನಲ್ಲಿ ನನ್ನ ದನಿಯೇ ಹೊರಟಿರಲಿಕ್ಕಿಲ್ಲ, ಬಟ್ಟೆಯ ಆಚೆಗೆ ಮುಟ್ಟಿರಲಿಕ್ಕಿಲ್ಲ, ಮುಟ್ಟಿದ್ದರೆ ಬಂದೇ ಬರುತ್ತಿದ್ದರು ಎಂದು ನಂಬಿಕೊಂಡು ಇಲ್ಲಿಯವರೆಗೆ ಬದುಕಿದ್ದೆ. ನಿನ್ನೆ ಅವರ ಎರಡೂ ಕಿವಿಗೆ ಹೆಡ್‌ಫೋನ್ ಮುಚ್ಚಿತ್ತು, ಒಳಗೆ ಗುಂಡಿನ ಸದ್ದು, ನಡುವೆ ಹಲಗೆ. ಒಂದೇ ಕೂಗಿಗೆ ಎದ್ದು ಬಂದರು. ಅಂದರೆ ಅವತ್ತೂ ಕೇಳಿತ್ತು ಅಕ್ಕಾ.