ಹಳದಿ ಹಾಳೆಯ ಉತ್ತರಗಳು

ಆಸ್ಪತ್ರೆ, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಂಗೀ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದೇ ಹತ್ತು, "ನನಗೇನಾಗಿದೆ" ಎಂಬ ಜಂಬ ಬೇಡ. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೂ ಅಕ್ಕಪಕ್ಕದ ಮಕ್ಕಳಿಗೆ ನಿಂತುಕೊಂಡೇ ಪಾಠ ಹೇಳುತ್ತೀಯಂತೆ. ಒಂದು ಕುರ್ಚಿ ಎಳೆದುಕೊಂಡರೆ ವಿದ್ಯೆಗೇನೂ ಕೊರತೆಯಾಗುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅತ್ತಿಗೆ ಹಾಸಿಗೆ ಹಿಡಿದು ಇವತ್ತಿಗೆ ಒಂಬತ್ತು ವಾರ. ನಿನ್ನ ಕಾಗದದಲ್ಲಿ ಈ ಸಲವೂ ಅದೇ ಪ್ರಶ್ನೆ: "ಅಣ್ಣಾ, ಅತ್ತಿಗೇನ ನೋಡೋಕೆ ಬರಲಾ?" ಅವಳಿಗೆ ಆಯಾಸ, ಯಾರನ್ನೂ ನೋಡುವ ಸ್ಥಿತಿಯಲ್ಲಿಲ್ಲ ಎಂದು ಎರಡು ಸಲ ಬೇಡವೆಂದವನು ನಾನೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಲ್ಲಿಯ ಸಮಾಚಾರ ಕೇಳು.

ಅವಳನ್ನು ಈಗ ಇಟ್ಟಿರುವ ವಿಭಾಗದಲ್ಲಿ ರೋಗ ವಾಸಿಮಾಡುವ ಮಾತಿಲ್ಲ. ಇರುವಷ್ಟು ದಿನ ನೋವಿಲ್ಲದಂತೆ ನೋಡಿಕೊಳ್ಳುತ್ತಾರೆ, ಅಷ್ಟೆ. ಮೈಗೆ ಶಕ್ತಿ ಬರಲಿ ಎಂದು ಇಲ್ಲಿಟ್ಟಿದ್ದಾರೆಂದು ನಾನು ಅವಳಿಗೆ ಹೇಳಿದ್ದೆ. ಎಂಟು ಹಾಸಿಗೆ, ಎಂಟು ಕಿಟಕಿ. ಯಂತ್ರಗಳ ಸದ್ದು ಕಡಿಮೆ. ನರ್ಸಮ್ಮ ದಿನಾ ಬಂದು, "ಇವತ್ತು ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಮ್ಮಾ?" ಎನ್ನುತ್ತಾಳೆ. ನಿನ್ನ ಅತ್ತಿಗೆ ಚೌಕಾಸಿಗೆ ಇಳಿಯುತ್ತಾಳೆ: "ನಾಲ್ಕೂವರೆ ಬರ್ಕೋ. ಐದು ಅಂದ್ರೆ ಮತ್ತೆ ಸೂಜಿ ತರ್ತೀಯ."

ಹೋದ ವಾರ ಇಲ್ಲಿಗೆ ಸಂಶೋಧನೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಇಂಥ ರೋಗಿಗಳೂ ಅವರ ಮನೆಯವರೂ ಈ ದಿನಗಳನ್ನು ಹೇಗೆ ಕಳೆಯುತ್ತಾರೆಂದು ಬರೆದುಕೊಳ್ಳುವುದು ಅವಳ ಕೆಲಸ. ರೋಗಿಗೆ ಬಿಳಿ ಹಾಳೆ, ಮನೆಯವರಿಗೆ ಹಳದಿ. ಎರಡರಲ್ಲೂ ಅವೇ ಇಪ್ಪತ್ತು ಪ್ರಶ್ನೆ. ಆದರೆ ಹಳದಿ ಹಾಳೆಯಲ್ಲಿ ನನ್ನ ಅಭಿಪ್ರಾಯ ಬರೆಯುವ ಹಾಗಿಲ್ಲ, ನಿನ್ನ ಅತ್ತಿಗೆ ಏನೆಂದಾಳು ಎಂಬುದನ್ನು ಬರೆಯಬೇಕು. ಕೊನೆಗೆ ಇಬ್ಬರೂ ಒಪ್ಪಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಐವತ್ತು ವರ್ಷ ದರ್ಜಿ ಕೆಲಸ ಮಾಡಿ, ಬಂದವರ ಭುಜ ಸೊಂಟವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದವನು ನಾನು. ಇದ್ಯಾವ ಮಹಾ ಎಂದುಕೊಂಡು ಹತ್ತು ನಿಮಿಷದಲ್ಲಿ ತುಂಬಿಸಿಕೊಟ್ಟೆ. ನಿನ್ನ ಅತ್ತಿಗೆಗೆ ಎರಡು ದಿನ ಹಿಡಿಯಿತು. ಎರಡು ಸಾಲಿಗೆ ಕೈ ಸೋಲುತ್ತದೆ. ನಾನು ಬರೆದುಕೊಡಲಾ ಎಂದು ಆ ಹುಡುಗಿ ಕೇಳಿದ್ದಕ್ಕೆ, "ಬೇಡಮ್ಮ, ನನ್ನದನ್ನ ನಾನೇ ಬರೀತೀನಿ" ಅಂದಳು.

ನಿನ್ನೆ ಆ ಹುಡುಗಿ ನಮ್ಮಿಬ್ಬರೆದುರೇ ಓದಿದಳು. ಇಪ್ಪತ್ತರಲ್ಲಿ ಹೊಂದಿದ್ದು ಏಳು. ಕಿಟಕಿಯ ಪರದೆ ಮುಚ್ಚಿದರೆ ಅವಳಿಗೆ ಹಿತ ಎಂದು ನಾನು ಬರೆದಿದ್ದೆ. ಅವಳು, ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ಬರೆದಿದ್ದಾಳೆ. ಒಂಬತ್ತು ವಾರದಿಂದ ದಿನಾ ಮುಚ್ಚಿದ ಕೈ ನನ್ನದೇ. "ಬೆಳಕು ಚುಚ್ಚುತ್ತೆ ಅಂದಿದ್ದೆಯಲ್ಲ" ಎಂದೆ. "ಅದು ಒಂದು ದಿನ ರೀ!" ಎಂದಳು. ರೋಗದ ವಿಷಯ ಎಷ್ಟು ಗೊತ್ತು ಎಂಬ ಪ್ರಶ್ನೆಗೆ ನಾನು, ಓದುವಾಗ ಇದನ್ನು ಬಿಡುತ್ತಾರೆಂದುಕೊಂಡು, 'ಏನೂ ಗೊತ್ತಿಲ್ಲ, ಹೇಳಬಾರದು' ಎಂದಿದ್ದೆ. ಅದನ್ನು ಕೇಳಿದ ನಿನ್ನ ಅತ್ತಿಗೆ, ತನ್ನದನ್ನೂ ಓದು ಎಂದಳು. ಅವಳ ಹಾಳೆಯಲ್ಲಿ ಹೀಗಿತ್ತು: 'ಎಲ್ಲಾ ಗೊತ್ತು. ನಮ್ಮ ಮನೆಯವರಿಗೆ ಹೇಳಬೇಡಿ, ಗಾಬರಿಯಾಗ್ತಾರೆ.' ಓದಿದ ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು. ನಾನು ದಿಂಬಿನ ಚೀಲದ ಹೊಲಿಗೆ ನೋಡುತ್ತಾ ಕೂತೆ. ನೂಲು ಬಿಗಿಯಾಗಿ ಬಟ್ಟೆ ಸುಕ್ಕು ಹಿಡಿದಿತ್ತು.

"ನಲವತ್ತಾರು ವರ್ಷ ಸಂಸಾರ ಮಾಡಿ ಇಪ್ಪತ್ತಕ್ಕೆ ಏಳು! ಫೇಲಾದ್ರಲ್ಲ ರೀ" ಎಂದು ನಿನ್ನ ಅತ್ತಿಗೆ ನಕ್ಕಳು. ಆಮೇಲೆ ಕೆಮ್ಮು ಬಂತು. ಹುಡುಗಿ ನನಗೆ ಸಮಾಧಾನ ಹೇಳಿದಳು: "ಬೇಜಾರು ಮಾಡ್ಕೋಬೇಡಿ ತಾತ, ಎಷ್ಟೋ ಜನರದ್ದು ಐದೂ ದಾಟಲ್ಲ." ಹುಡುಗಿ ಹೋದ ಮೇಲೆ ಕಿಟಕಿಯ ಪರದೆ ಸರಿಸಿದೆ. ಇಬ್ಬರೂ ಅರ್ಧ ಗಂಟೆ ಮಾತಾಡಿದೆವು. ನಿನ್ನ ಅತ್ತಿಗೆಯ ಬಟ್ಟೆಗಳು ಯಾರಿಗೆ, ನಾನು ಅಡುಗೆ ಎಷ್ಟು ಕಲಿಯಬೇಕು, ಎಲ್ಲ ಅವಳೇ ಹೇಳಿದಳು. ಹೊಸದಾಗಿ ಮದುವೆಯಾದಾಗಲೂ ನಾವು ಒಂದೇ ಸಮ ಅಷ್ಟು ಮಾತಾಡಿದವರಲ್ಲ.

ಭಾವನವರನ್ನು ಕೇಳಿದೆನೆಂದು ಹೇಳು. ಮಂಡಿಗೆ ಎಣ್ಣೆ ತಿಕ್ಕುವುದನ್ನು ತಪ್ಪಿಸಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ ಎಂದು ಇಲ್ಲಿಂದಲೇ ತಲೆ ಸವರುತ್ತೇನೆ.

ನಿನ್ನ ಅಣ್ಣ

ತಾ.ಕ.: ಇಷ್ಟುದ್ದ ಬರೆದೂ ನಿನಗೆ ಉತ್ತರ ಕೊಡಲಿಲ್ಲ. ಫೋನಿನಲ್ಲಿ ಹೇಳಲು ಹೋದೆ, ಆಗಲಿಲ್ಲ. ನಿಮ್ಮ ಕಡೆ ಹೊರಟಿರುವ ನರ್ಸಮ್ಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಸಂಜೆಗೆ ಮುಟ್ಟುತ್ತದೆ. ಆಯಾಸದ ಮಾತು ನಾನು ಕಟ್ಟಿದ್ದು. ನೀನು ಅಳುಬುರುಕಿ, ಬಂದು ಅತ್ತರೆ ಅವಳಿಗೆ ಎಲ್ಲ ತಿಳಿದುಬಿಡುತ್ತದೆ ಎಂದು ನಿನ್ನನ್ನು ತಡೆದೆ. ಈಗ ಹತ್ತಿರ ಯಾರು ಇರಬೇಕು ಎಂಬ ಪ್ರಶ್ನೆಗೂ ನಾನು 'ಯಾರೂ ಬೇಡ, ನಾನಿದ್ದೇನೆ' ಎಂದೇ ಬರೆದಿದ್ದೆ. ಅವಳು ಬರೆದಿರುವುದು: 'ನನ್ನ ನಾದಿನಿ. ಅವಳಾದರೂ ಅಳ್ತಾಳೆ. ಇಲ್ಲಿ ಎಲ್ಲರೂ ಬರೀ ನಗ್ತಾರೆ.' ಇನ್ನು ವಾರಗಳ ಮಾತಲ್ಲ, ದಿನಗಳ ಮಾತು ಎಂದಿದ್ದಾರೆ ಡಾಕ್ಟರು. ನಾಳೆಯೇ ಹೊರಟು ಬಾ. ದಾರಿಯಲ್ಲೇ ಅತ್ತು ಮುಗಿಸಿಕೊಂಡು ಬರಬೇಡ.